ಫೆಬ್ರವರಿಯ ತೋಟ, ಅಕ್ಟೋಬರ್‌ನ ತೋಟ: ದಾವಣಗೆರೆಯ ಒಂದು ವೈನ್ ಹೂಡಿಕೆ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಮೇಷ್ಟ್ರು ನನಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವರು. ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಕಾಲೇಜು, ಕಂಪನಿ ಯಾವುದೂ ಇಲ್ಲಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಂಗತಿ ಬದಲಿಸಿದ್ದೇನೆ. ದುಡ್ಡಿನ ಲೆಕ್ಕ ಮಾತ್ರ ಇದ್ದ ಹಾಗೇ ಇದೆ.

ಮೇಷ್ಟ್ರು ನಿವೃತ್ತರಾದಾಗ ಕೈಗೆ ಬಂದದ್ದು ಸುಮಾರು 40 ಲಕ್ಷ. ಹಿರಿಯೂರು ತಾಲ್ಲೂಕಿನಲ್ಲಿ ಹೆಂಡತಿಯ ಕಡೆಯಿಂದ ಬಂದ ಐದು ಎಕರೆ ಹೊಲವೂ ಇತ್ತು. ಅದರಲ್ಲಿ ದಾಳಿಂಬೆ ಹಾಕಿ, ದುಂಡಾಣು ಅಂಗಮಾರಿ ರೋಗ ಬಂದು, ಗಿಡ ಕಿತ್ತು ಒಲೆಗೆ ಹಾಕಿದ್ದರು. ಹಣ್ಣಿನ ಬೆಳೆ ಅಂದರೆ ಏನು ಅನ್ನೋದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಇಂಥ ಕಥೆ ಕೇಳಿದ ಕೂಡಲೇ ನಾವು "ಪಾಪ, ಏನೂ ಗೊತ್ತಿಲ್ಲದವರು" ಅಂದುಬಿಡುತ್ತೇವೆ. ಇವರು ಗೊತ್ತಿದ್ದವರು.

ವೈನ್ ಮಾತ್ರ ಅವರ ಮನೆಗೆ ದೂರದ ಮಾತು. ನಮ್ಮೂರಲ್ಲಿ ವೈನ್ ಸ್ಟೋರ್ ಅಂದರೆ ವಿಸ್ಕಿ, ಬ್ರಾಂದಿ ಅಂಗಡಿ. ಅಲ್ಲಿ ವೈನ್ ಇದ್ದರೂ ಮೇಲಿನ ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಇದನ್ನು ಮನೆಯೊಳಗೆ ತಂದವರು ಬೆಂಗಳೂರಿನ ಅಳಿಯ. ಸಾಫ್ಟ್‌ವೇರ್ ಕೆಲಸ, ವಾರಾಂತ್ಯಕ್ಕೆ ನಂದಿ ಬೆಟ್ಟದ ಸುತ್ತ ಓಡಾಟ. "ಮಾವ, ಮುಂದಿನ ಹತ್ತು ವರ್ಷ ಇದೇ ಬಿಸಿನೆಸ್" ಎಂದು ಅವರು ಹೇಳುತ್ತಿದ್ದದ್ದು ಪೂರ್ತಿ ಸುಳ್ಳೂ ಅಲ್ಲ. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ 1988ರಲ್ಲೇ ವೈನ್ ದ್ರಾಕ್ಷಿಯ ಕೆಲಸ ಶುರು ಮಾಡಿತ್ತು. ನಾಸಿಕ್‌ನ ಸುಲಾ ಮೊದಲ ವೈನ್ ತಂದದ್ದು 2000ದಲ್ಲಿ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಇವತ್ತು ನಂದಿ ಕಡೆ, ಚನ್ನಪಟ್ಟಣದ ಹತ್ತಿರ, ಕೊಪ್ಪಳದ ಬೆಟ್ಟಗಳ ನಡುವೆ ಒಳ್ಳೆಯ ವೈನ್ ಆಗುತ್ತದೆ, ನೋಡಲು ಜನ ಹೋಗುತ್ತಾರೆ.

ಇದಕ್ಕೆ ಇನ್ನೊಂದು ಸಂಗತಿ ಕೂಡಿಕೊಂಡಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದರು. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಅದಾದ ಮೇಲೆ ಬೆಂಗಳೂರಿನ ಸುತ್ತ "ನೀವು ಕೊಳ್ಳಿ, ನಾವು ನೋಡಿಕೊಳ್ಳುತ್ತೇವೆ" ಅನ್ನುವ ತೋಟಗಳ ಜಾಹೀರಾತು ಜಾಸ್ತಿಯಾದವು. ಮಾವು, ಶ್ರೀಗಂಧ, ಅವಕಾಡೊ, ಕೊನೆಗೆ ದ್ರಾಕ್ಷಿ.

ಫೆಬ್ರವರಿಯ ಭೇಟಿ

2022ರ ಫೆಬ್ರವರಿಯಲ್ಲಿ ಅಂಥ ಒಂದು ಕಂಪನಿಯ ಬಸ್ಸಿನಲ್ಲಿ ಮೇಷ್ಟ್ರು, ಅಮ್ಮ (ಮೇಷ್ಟ್ರ ಹೆಂಡತಿ), ಮಗಳು, ಅಳಿಯ ಹೋದರು. ಬೆಳಿಗ್ಗೆ ಒಂದು ಹೆಸರಾಂತ ವೈನರಿ. ಅದು ಕೊಯ್ಲಿನ ಕಾಲ. ಸಾಲುಗಳಲ್ಲಿ ಕಪ್ಪು ಗೊನೆ, ನೀಲಿ ಕ್ರೇಟು, ಸ್ಟೀಲಿನ ದೊಡ್ಡ ಟ್ಯಾಂಕು, ಓಕ್ ಪೀಪಾಯಿಯ ವಾಸನೆ. ಐದು ಗ್ಲಾಸು ಸಾಲಾಗಿ ಇಟ್ಟು, ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು ಅಂತ ಹುಡುಗಿಯೊಬ್ಬಳು ಹೇಳಿಕೊಟ್ಟಳು. ಮೇಷ್ಟ್ರು ಮೂರನೇ ಗ್ಲಾಸಿಗೆ "ಇದು ಹುಣಸೆಹಣ್ಣಿನ ಸಾರಿನ ಹಾಗೆ ಬಾಯಿ ಬಿಗೀತದ" ಅಂದರಂತೆ. ಅವಳು "ಕರೆಕ್ಟ್ ಸಾರ್, ಅದೇ ಟ್ಯಾನಿನ್" ಅಂದಳಂತೆ. ಅವರಿಗೆ ಬಹಳ ಖುಷಿ. ಈಗಲೂ ಹೇಳಿಕೊಳ್ಳುತ್ತಾರೆ.

ಅಮ್ಮ ಏನೂ ಮುಟ್ಟಲಿಲ್ಲ. ಕಿಟಕಿಯಿಂದ ತೋಟ ನೋಡುತ್ತ ಕೂತಿದ್ದವರು ಗಂಡನಿಗೆ ಕೇಳಿದರು: "ಅಲ್ರೀ, ಇಷ್ಟು ಮಂದಿ ದಿನಾ ಬಂದು ಕುಡೀತಾರೆ, ಊರೂರಿಗೆ ಬಾಟ್ಲಿ ಹೋಗ್ತಾವೆ. ಈ ನಾಲ್ಕು ಸಾಲಿನ ಹಣ್ಣು ಎಲ್ಲಿಗೆ ಸಾಲ್ತಾವೆ?"

ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಇದು. ಆವತ್ತು ಯಾರೂ ಉತ್ತರ ಹೇಳಲಿಲ್ಲ. ಉತ್ತರ ಸರಳ. ಬಹುಪಾಲು ವೈನರಿಗಳು ಸುತ್ತಲಿನ ರೈತರೊಂದಿಗೆ ಒಪ್ಪಂದ ಮಾಡಿಕೊಂಡು ಹಣ್ಣು ತರಿಸಿಕೊಳ್ಳುತ್ತವೆ. ನೋಡುವವರಿಗೆ ಸಿಗುವುದು ಅಂಗಳದ ತೋಟ. ಕಷ್ಟನಷ್ಟ ಇರುವುದು ಆಚೆ, ಆ ಒಪ್ಪಂದದ ರೈತರ ಹೊಲದಲ್ಲಿ.

ಊಟದ ಮೇಲೆ ಬಸ್ಸು ಕಂಪನಿಯ ಜಾಗಕ್ಕೆ ಹೋಯಿತು. ಕೆಂಪು ಮಣ್ಣು, ಕಲ್ಲುಕಂಬ, ತಂತಿ, ಎರಡು ವರ್ಷದ ಬಳ್ಳಿಗಳು. 10 ಗುಂಟೆಗೆ 18 ಲಕ್ಷ. ನಿರ್ವಹಣೆ ಅವರದ್ದೇ. ಮೊದಲ ವರ್ಷದಿಂದಲೇ ವರ್ಷಕ್ಕೆ 12 ಪರ್ಸೆಂಟ್ ಗ್ಯಾರಂಟಿ, ಐದನೇ ವರ್ಷ ಬೇಕಾದರೆ ಅವರೇ ವಾಪಸ್ ಕೊಳ್ಳುತ್ತಾರೆ. ವರ್ಷಕ್ಕೆ ಏಳು ದಿನ ಕಾಟೇಜ್. "ಕೃಷಿ ಆದಾಯ ಸಾರ್, ಟ್ಯಾಕ್ಸ್ ಇಲ್ಲ." ಮೇಷ್ಟ್ರು ಅಲ್ಲೇ 1 ಲಕ್ಷ ಬುಕಿಂಗ್ ಕೊಟ್ಟರು. ಪೋಡಿ, ಅಂದರೆ ಜಮೀನು ಅಳೆದು ಬೇರೆ ಮಾಡುವುದು, ಆಗಬೇಕು, ದೀಪಾವಳಿ ಹೊತ್ತಿಗೆ ನೋಂದಣಿ ಅಂದರು.

ಬೆಳಗಿನ ವೈನರಿಗೂ ಮಧ್ಯಾಹ್ನದ ಜಾಗಕ್ಕೂ ಯಾವ ಸಂಬಂಧವೂ ಇರಲಿಲ್ಲ. ಟಿಕೆಟ್ ಕೊಟ್ಟರೆ ಯಾರು ಬೇಕಾದರೂ ಆ ವೈನರಿಗೆ ಹೋಗಬಹುದು. ಸಂಬಂಧ ಇದೆ ಅಂತ ಯಾರೂ ಸುಳ್ಳು ಹೇಳಿರಲಿಲ್ಲ. ಬರೀ ಒಂದೇ ಬಸ್ಸಿನಲ್ಲಿ ಎರಡನ್ನೂ ತೋರಿಸಿದ್ದರು, ಅಷ್ಟೆ.

ನನ್ನ ಪಾಲಿನ ತಪ್ಪು

ಮಾರ್ಚ್‌ನಲ್ಲಿ ರಿಟರ್ನ್ಸ್ ವಿಷಯಕ್ಕೆ ಬಂದಾಗ ಮೇಷ್ಟ್ರು ನನ್ನನ್ನು ಕೇಳಿದ್ದು ಒಂದೇ ಮಾತು: "ದ್ರಾಕ್ಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ಹೌದಲ್ಲೋ?" ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹೌದು ಸರ್ ಅಂದೆ. ಸುಮ್ನೆ ತಲೆ ಆಡಿಸಿ ಕಳಿಸಿದೆ.

ಕೇಳಿದ್ದಕ್ಕೆ ಸರಿ ಉತ್ತರ ಕೊಟ್ಟೆ, ಆದರೆ ಕೇಳಬೇಕಾದ್ದನ್ನು ನಾನು ಕೇಳಲಿಲ್ಲ. ಬೆಳೆ ಬಂದರೂ ಬಾರದಿದ್ದರೂ ಕೊಡುವ 12 ಪರ್ಸೆಂಟ್ ಕೃಷಿ ಆದಾಯ ಆಗುವುದಿಲ್ಲ. ಅದಕ್ಕೆ ತೆರಿಗೆ ಇದೆ. ರೈತ ಹಣ್ಣು ಮಾರಿದರೆ ಕೃಷಿ. ಅದೇ ಹಣ್ಣನ್ನು ವೈನ್ ಮಾಡಿ ಮಾರಿದರೆ ಆ ಲಾಭಕ್ಕೆ ವ್ಯಾಪಾರದ ಲೆಕ್ಕ ಶುರುವಾಗುತ್ತದೆ. ಇದಿಷ್ಟು ಹೇಳಲು ಐದು ನಿಮಿಷ ಸಾಕಿತ್ತು. ಆವತ್ತು ಆಫೀಸಿನಲ್ಲಿ ಹತ್ತು ಜನ ಕೂತಿದ್ದರು ಅನ್ನೋದು ನೆಪ.

ಹಾಳೆಯ ಹಿಂದಿನ ಲೆಕ್ಕ

ಸೆಪ್ಟೆಂಬರ್‌ನಲ್ಲಿ ಉಳಿದ 17 ಲಕ್ಷ ಕೇಳಿ ಪತ್ರ ಬಂತು. ಎಫ್‌ಡಿ ಮುರಿಸುವ ಮೊದಲು ಮೇಷ್ಟ್ರು ಮತ್ತೆ ನನ್ನ ಹತ್ತಿರ ಬಂದರು. ಈ ಸಲ ಇಬ್ಬರೂ ಕಂಪನಿಯ ಬ್ರೋಷರ್ ಮಗುಚಿ, ಅದರ ಹಿಂದೆಯೇ ಲೆಕ್ಕ ಹಾಕಿದೆವು.

ವೈನ್ ದ್ರಾಕ್ಷಿಯಲ್ಲಿ ಫಸಲು ಬೇಕಂತಲೇ ಕಮ್ಮಿ ಇಡುತ್ತಾರೆ. ತಿನ್ನುವ ದ್ರಾಕ್ಷಿ ಎಕರೆಗೆ ಹತ್ತು ಟನ್ ದಾಟುವುದು ಹೊಸದಲ್ಲ. ವೈನಿಗೆ ಸಕ್ಕರೆ, ಹುಳಿ, ಬಣ್ಣ ಗಟ್ಟಿಯಾಗಿ ಬೇಕು, ಹಾಗಾಗಿ ನಾಲ್ಕೈದು ಟನ್‌ಗೆ ನಿಲ್ಲಿಸುತ್ತಾರೆ. ಐದು ಟನ್ ಅಂತಲೇ ಹಿಡಿಯೋಣ. 10 ಗುಂಟೆ ಅಂದರೆ ಕಾಲು ಎಕರೆ, ಸಿಗುವುದು ಒಂದೂಕಾಲು ಟನ್. ವಿಚಾರಿಸಿದಾಗ ಸಿಕ್ಕ ದರ ಕೆಜಿಗೆ 45 ರೂಪಾಯಿ. ಒಟ್ಟು 56,250. ಇದರಲ್ಲೇ ಔಷಧಿ, ಕೂಲಿ, ನೀರು, ಎಲ್ಲ.

ಕಂಪನಿ ಕೊಡುತ್ತೇನೆ ಅಂದ 12 ಪರ್ಸೆಂಟ್ ಎಷ್ಟು? 2,16,000.

ಅದೂ ಮೊದಲ ವರ್ಷದಿಂದ. ದ್ರಾಕ್ಷಿ ಬಳ್ಳಿ ಸರಿಯಾದ ಫಸಲಿಗೆ ಬರಲು ಮೂರು ವರ್ಷವಾದರೂ ಬೇಕು. ಮೇಷ್ಟ್ರು ಪೆನ್ನು ಕೆಳಗಿಟ್ಟು ಹೇಳಿದರು, "ಹಂಗಾದ್ರೆ ಉಳಿದದ್ದು ಎಲ್ಲಿಂದ ಬರ್ತದೋ?" ಉತ್ತರ ಇಬ್ಬರಿಗೂ ಗೊತ್ತಿತ್ತು. ಅವರ ದುಡ್ಡಿನಿಂದಲೇ, ಇಲ್ಲಾ ಮುಂದಿನ ಬಸ್ಸಿನಲ್ಲಿ ಬರುವವರ ದುಡ್ಡಿನಿಂದ.

ಆಗ ಅವರಿಗೆ ಅವರ ಅಣ್ಣನ ಟ್ರಂಕು ನೆನಪಾಯಿತು. ತೊಂಬತ್ತರ ದಶಕದಲ್ಲಿ ತೇಗದ ಮರದ ಸ್ಕೀಮ್‌ಗಳು ಬಂದಿದ್ದವು. ಆ ಅಣ್ಣ ಕಟ್ಟಿದ ದುಡ್ಡಿಗೆ ಬಣ್ಣದ ಅಂಚಿನ ಸರ್ಟಿಫಿಕೇಟ್ ಸಿಕ್ಕಿತ್ತು. ಮರ ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ. ಸರ್ಟಿಫಿಕೇಟ್ ಇನ್ನೂ ಇದೆ. ಅಂಥ ಸ್ಕೀಮ್‌ಗಳ ಗಲಾಟೆಯ ನಂತರವೇ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 1999ರಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮ ಮಾಡಿತು. ಹಲವರ ದುಡ್ಡು ಒಟ್ಟು ಮಾಡಿ, ಲಾಭದ ಆಸೆ ಇಟ್ಟು, ದಿನನಿತ್ಯದ ನಿರ್ವಹಣೆ ಹೂಡಿದವರ ಕೈಯಲ್ಲಿಲ್ಲದೆ ನಡೆಸುವ ಯೋಜನೆ ಅದರ ಕೆಳಗೆ ಬರುತ್ತದೆ, ನೋಂದಣಿ ಬೇಕು. ನಾನು ಕಂಪನಿಗೆ ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿದೆ. "ಸಾರ್, ಇದು ಲ್ಯಾಂಡ್, ಇದಕ್ಕೆ ಸೆಬಿ ಯಾಕೆ?" ಅಂದರು. ಕಾಗದದಲ್ಲಿ ಜಮೀನು ಮಾರುವವರು ಒಬ್ಬರು, ತೋಟ ನೋಡಿಕೊಳ್ಳುವ ಸಂಸ್ಥೆ ಇನ್ನೊಂದು. ಗ್ಯಾರಂಟಿ ಇದ್ದದ್ದು ಮೂರನೇ ಜಾಗದಲ್ಲಿ, ಬರೀ ಲೆಟರ್‌ಹೆಡ್ ಮೇಲೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೊಟ್ಟ 1 ಲಕ್ಷ ಎಳೆಯುತ್ತಿತ್ತು. "ಬಿಟ್ರೆ ಹೋಗ್ತದಲ್ಲೋ" ಅಂತ ಮೇಷ್ಟ್ರು ನಾಲ್ಕು ಸಲವಾದರೂ ಅಂದರು. ನನ್ನ ಅನುಭವದಲ್ಲಿ ಬುಕಿಂಗ್ ಹಣ ತಗೊಳ್ಳುವುದೇ ಇದಕ್ಕೆ.

ಅಕ್ಟೋಬರ್‌ನ ಭೇಟಿ

ಕಂಪನಿಗೆ ಹೇಳದೆ ಒಂದು ಸಲ ಹೋಗಿ ಬನ್ನಿ ಅಂದೆ. ವಾರದ ನಡುವೆ ಹೋಗಿ, ಭಾನುವಾರ ಬೇಡ. ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗ ಒಂದು ಮಂಗಳವಾರ ಹೊರಟೆವು. ನಾನೂ ಜೊತೆಗಿದ್ದೆ.

2022ರ ಮಳೆ ನೆನಪಿರಬೇಕು. ಅದೇ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಿತ್ತು. 1933ರಲ್ಲಿ ತುಂಬಿದ್ದೇ ಹಿಂದಿನ ಸಲ. ಹಿರಿಯೂರಿನವರು ಬಾಗಿನದ ಖುಷಿಯಲ್ಲಿದ್ದರು. ನಂದಿ ಕಡೆಯ ದ್ರಾಕ್ಷಿಯವರ ಮುಖದಲ್ಲಿ ಆ ಖುಷಿ ಇರಲಿಲ್ಲ. ನಮ್ಮ ಕಡೆ ವೈನ್ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಸವರುತ್ತಾರೆ. ವಿಜಯಪುರದ ಕಡೆ ಇದನ್ನೇ ಚಾಟ್ನಿ ಅನ್ನುತ್ತಾರೆ. ಬೇಸಿಗೆಯದ್ದು ಕಡ್ಡಿಗೆ, ಸೆಪ್ಟೆಂಬರ್ ಅಕ್ಟೋಬರ್‌ನದ್ದು ಹಣ್ಣಿಗೆ. ಹಣ್ಣಿನ ಚಾಟ್ನಿ ಆಗಿ ಎಳೆ ಚಿಗುರು ಬರುವ ಹೊತ್ತಿಗೆ ಮಳೆ ಹಿಡಿದರೆ ಬೂಜು ತುಪ್ಪಟ ರೋಗ. ರೈತರ ಬಾಯಲ್ಲಿ ಡೌನಿ.

ಕಂಪನಿಯ ಜಾಗದಲ್ಲಿ ಮೊಳಕಾಲುದ್ದ ಕಳೆ. ಟ್ರ್ಯಾಕ್ಟರ್ ಚಕ್ರ ಹೂತು ಹೋದ ಗುಂಡಿಯಲ್ಲಿ ನೀರು. ಕಾವಲಿಗೆ ಇದ್ದ ಮುದುಕ ನಮ್ಮನ್ನು ಸರ್ವೆಯವರು ಅಂದುಕೊಂಡ. ಮೇಷ್ಟ್ರು ಒಂದು ಎಲೆ ಹಿಡಿದರು. ಮೇಲುಗಡೆ ಎಣ್ಣೆ ತೊಟ್ಟಿಕ್ಕಿದ ಹಾಗೆ ಹಳದಿ ಚುಕ್ಕೆ. ಎಲೆ ಮಗುಚಿದರು. ಹಿಂದೆ ಬೆಳ್ಳಗೆ ತುಪ್ಪಟ. ಪಿಯುಸಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದ ಅದೇ ಚಿತ್ರ. ಏನೂ ಮಾತಾಡದೆ ಮುಂದಿನ ಬಳ್ಳಿಗೆ ಹೋದರು, ಅದರ ಮುಂದಿನದಕ್ಕೆ ಹೋದರು. ಹತ್ತು ಬಳ್ಳಿ ನೋಡಿ ಎಲೆಯನ್ನು ಜೇಬಿಗೆ ಹಾಕಿಕೊಂಡರು.

ಬೇಲಿಯ ಆಚೆ ಒಬ್ಬ ರೈತರು ಔಷಧಿ ಹೊಡೆಯುತ್ತಿದ್ದರು. ಅವರ ಬೆರಳು, ಉಗುರು, ಅಂಗಿ ಎಲ್ಲ ತಿಳಿ ನೀಲಿ. ಮೈಲುತುತ್ತ, ಸುಣ್ಣ. ನಮ್ಮ ಚನ್ನಗಿರಿಯ ಅಡಿಕೆಯವರು ಕೊಳೆರೋಗಕ್ಕೆ ಹೊಡೆಯುವ ಅದೇ ಬೋರ್ಡೋ. ಎಷ್ಟು ಜನಕ್ಕೆ ಗೊತ್ತೋ, ಬೋರ್ಡೋ ಅನ್ನೋದು ಫ್ರಾನ್ಸಿನ ವೈನ್ ಸೀಮೆಯ ಊರಿನ ಹೆಸರು. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿಗೆ ಇದೇ ರೋಗ ಬಂದಾಗ ಹುಟ್ಟಿದ ಔಷಧಿ ಅದು. ವೈನ್ ಸೀಮೆಯಿಂದ ನಮ್ಮ ಅಡಿಕೆ ತೋಟಕ್ಕೆ ಮೊದಲು ಬಂದದ್ದು ಬಾಟಲಿಯಲ್ಲ, ಮೈಲುತುತ್ತದ ಡ್ರಮ್ಮು.

"ದಿನ ಬಿಟ್ಟು ದಿನ ಹೊಡೀತಾ ಇದೀವಿ ಸ್ವಾಮಿ. ಮಳೆ ಬುಡ್ತಾ ಇಲ್ಲ" ಅಂದರು. ಅವರದ್ದು ಬೆಂಗಳೂರು ಬ್ಲೂ ದ್ರಾಕ್ಷಿ. ಮೊದಲು ಎರಡು ಎಕರೆ ಶಿರಾಜ್ ಅನ್ನುವ ವೈನ್ ದ್ರಾಕ್ಷಿ ಇತ್ತಂತೆ, ಕಿತ್ತು ಹಾಕಿದರಂತೆ. ಯಾಕೆ ಅಂದಿದ್ದಕ್ಕೆ ಅವರ ಉತ್ತರ: "ಇದು ವೈನಿನೋರು ಬ್ಯಾಡ ಅಂದ್ರೆ ಸಂತೇಲಿ ಮಾರ್ತೀನಿ, ಜ್ಯೂಸಿನೋರು ತಗೋತಾರೆ. ಆ ಹಣ್ಣು ಬ್ಯಾಡ ಅಂದ್ರೆ ಯಾರಿಗೆ ಕೊಡ್ಲಿ? ಬರೀ ಬೀಜ, ಸಿಪ್ಪೆ. ಮಕ್ಳೂ ತಿನ್ನಕಿಲ್ಲ."

ನಾಸಿಕ್‌ನಲ್ಲಿ ಆದದ್ದೂ ಇದೇ. 2008ರ ಆರ್ಥಿಕ ಕುಸಿತ, ಮುಂಬೈ ದಾಳಿ ಆದ ಮೇಲೆ ಹೋಟೆಲುಗಳಲ್ಲಿ ವೈನ್ ಬೇಡಿಕೆ ಬಿದ್ದುಹೋಯಿತು. ಟ್ಯಾಂಕುಗಳಲ್ಲಿ ವೈನ್ ಉಳಿಯಿತು, ಕೆಲವು ವೈನರಿಗಳು ಮುಚ್ಚಿದವು, ಎಷ್ಟೋ ರೈತರು ವೈನ್ ಬಳ್ಳಿ ಕಿತ್ತು ತಿನ್ನುವ ದ್ರಾಕ್ಷಿ ಹಾಕಿದರು. ತಿನ್ನುವ ದ್ರಾಕ್ಷಿಗೆ ಹತ್ತು ಗಿರಾಕಿ, ವೈನ್ ದ್ರಾಕ್ಷಿಗೆ ಒಬ್ಬನೇ.

ವಾಪಸ್ ಬರುವಾಗ ಶಿರಾ ದಾಟುವವರೆಗೂ ಮೇಷ್ಟ್ರು ಮಾತಾಡಲಿಲ್ಲ. ಆಮೇಲೆ, "ಅವತ್ತು ಅವಳು ಕೇಳಿದ್ಲು ನೋಡು, ನಾಲ್ಕು ಸಾಲು ಎಲ್ಲಿ ಸಾಲ್ತಾವೆ ಅಂತ" ಅಂದರು.

ಕಾಗದ

ಅಷ್ಟರೊಳಗೆ ವಕೀಲ ಸ್ನೇಹಿತರೊಬ್ಬರಿಗೆ ದಾಖಲೆ ಕೊಟ್ಟಿದ್ದೆ. ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ) ಎಲ್ಲ ನೀಟಾಗಿ ಫೈಲ್ ಮಾಡಿ ಕಂಪನಿಯವರೇ ಕೊಟ್ಟಿದ್ದರು. ವಕೀಲರು ಅದನ್ನು ಪಕ್ಕಕ್ಕಿಟ್ಟು ಹಳೆಯ ಕಾಗದ ತೆಗೆಸಿದರು. ಒಂದು ಸರ್ವೆ ನಂಬರ್ ಸರಿ ಇತ್ತು. ಇನ್ನೊಂದರ ಮೂಲದಲ್ಲಿ ಸಾಗುವಳಿ ಚೀಟಿ ಸಿಕ್ಕಿತು. ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಅದು. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಅನುಮತಿಯ ಕಾಗದ ಎಲ್ಲೂ ಇರಲಿಲ್ಲ. ಮಾರಾಟ ಅಸಿಂಧು ಅಂತಾದರೆ ಜಮೀನು ಮೂಲದವರಿಗೆ ಹೋಗುತ್ತದೆ, ಹೋಗಬೇಕಾದ್ದೂ ಅಲ್ಲಿಗೇ. "ಇಷ್ಟು ವರ್ಷ ಆಯ್ತಲ್ಲ" ಅನ್ನುವ ವಾದವೊಂದು ಕೊಂಡವರಿಗೆ ಇತ್ತು. ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿ ಆ ವಾದವನ್ನು ಕುಗ್ಗಿಸಿತು.

ಇನ್ನೊಂದು ಸಣ್ಣ ವಿಷಯ. ಮೇಷ್ಟ್ರಿಗೆ ಬರೆದುಕೊಡುತ್ತಿದ್ದದ್ದು ಗುರುತಿಸಿದ 10 ಗುಂಟೆ ಅಲ್ಲ. ದೊಡ್ಡ ಜಮೀನಿನಲ್ಲಿ ಇಂತಿಷ್ಟು ಪಾಲು ಅಂತ. ಪಾಲನ್ನು ಅಳೆದು ಗುರುತಿಸುವ 11ಇ ನಕ್ಷೆ ಆಗಿರಲಿಲ್ಲ. ಅಂದರೆ ಫೆಬ್ರವರಿಯಲ್ಲಿ ಅವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಬಳ್ಳಿ ಅವರದ್ದೇ ಅಂತ ಯಾವ ಕಾಗದವೂ ಹೇಳುತ್ತಿರಲಿಲ್ಲ.

ಹೂಡಲಿಲ್ಲ. 1 ಲಕ್ಷಕ್ಕೆ ವಕೀಲರ ನೋಟಿಸ್ ಹೋಯಿತು. ಬುಕಿಂಗ್ ಹಣ ವಾಪಸ್ ಇಲ್ಲ ಅಂತ ರಸೀದಿಯ ಹಿಂದೆ ಅಚ್ಚಾಗಿತ್ತು. ಓಡಾಡಿ, ಎಳೆದಾಡಿ, 2023ರ ಮೇನಲ್ಲಿ 60 ಸಾವಿರ ಬಂತು. ಅಷ್ಟು ಬಂದದ್ದೇ ದೊಡ್ಡದು ಅನ್ನಿಸಿತು.

ಸ್ವಂತ ಹೊಲದ ಆಸೆ

ಇಲ್ಲಿಗೆ ಮುಗಿಯಲಿಲ್ಲ. "ಅವರ ಜಾಗ ಬೇಡ, ನಮ್ಮ ಹಿರಿಯೂರಿನ ಹೊಲದಲ್ಲೇ ಎರಡು ಎಕರೆ ಹಾಕಿದ್ರೆ?" ಅಂತ ಮೇಷ್ಟ್ರು ಶುರು ಮಾಡಿದರು. ಇದು ಅಷ್ಟು ದಡ್ಡ ಯೋಚನೆಯೂ ಅಲ್ಲ. ಹಿರಿಯೂರಿನಲ್ಲಿ ಮಳೆ ಕಮ್ಮಿ, ಹವೆ ಒಣ. ಡೌನಿಯ ಕಾಟ ನಂದಿಗಿಂತ ಕಡಿಮೆ ಇರಬಹುದು. ಕಲ್ಲುಕಂಬ, ತಂತಿ, ಡ್ರಿಪ್, ಸಸಿ ಸೇರಿ ಎಕರೆಗೆ 6 ಲಕ್ಷದ ಹತ್ತಿರ ಕೊಟೇಶನ್ ಬಂತು. ಮೊದಲ ಮೂರು ವರ್ಷ ಬರೀ ಖರ್ಚು.

ಈ ಸಲ ಅವರು ಗಿಡಕ್ಕಿಂತ ಮೊದಲು ಗಿರಾಕಿಯನ್ನು ವಿಚಾರಿಸಿದರು. ಎರಡು ವೈನರಿಗೆ ಪತ್ರ ಬರೆದು ಫೋನ್ ಮಾಡಿದರು. ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು ಮರ್ಯಾದೆಯಿಂದಲೇ ಹೇಳಿದರು: "ಸರ್, ಹಣ್ಣು ಬೆಳಗಿನ ತಂಪಿನಲ್ಲಿ ಕಿತ್ತು ಬೇಗ ನಮ್ಮ ಕ್ರಷರ್‌ಗೆ ಬರಬೇಕು. ನಿಮ್ಮಿಂದ ನಾಲ್ಕು ಗಂಟೆ ದಾರಿ. ಅಕ್ಕಪಕ್ಕ ಸೇರಿ ಇಪ್ಪತ್ತು ಎಕರೆ ಆದ್ರೆ ಮಾತಾಡೋಣ. ಎರಡು ಎಕರೆಗೆ ಲಾರಿ ಕಳ್ಸೋಕಾಗಲ್ಲ." ಅಕ್ಕಪಕ್ಕದವರು ಅಡಿಕೆ ಸಸಿ ತಂದಾಗಿತ್ತು. ಎರಡನೇ ಬಾಗಿಲೂ ಅಲ್ಲಿಗೆ ಮುಚ್ಚಿತು. ಖರ್ಚಾದದ್ದು ಫೋನ್ ಬಿಲ್ ಮಾತ್ರ.

ಆಮೇಲೆ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಕಂಪನಿಯ ಜಾಗದಲ್ಲಿ ಬೋರ್‌ವೆಲ್ 2024ರ ಬೇಸಿಗೆಗೆ ಬತ್ತಿತು. ಮೊದಲ ವರ್ಷ 12 ಪರ್ಸೆಂಟ್ ಬಂದಿದ್ದ ಖರೀದಿದಾರರಿಗೆ ಎರಡನೇ ವರ್ಷ ಅರ್ಧ ಬಂತು, ಆಮೇಲೆ ವಾಟ್ಸಾಪ್ ಮೆಸೇಜ್ ಮಾತ್ರ ಬರತೊಡಗಿತು.

ಎಲ್ಲರೂ ಮುಳುಗಲಿಲ್ಲ, ಅದನ್ನೂ ಹೇಳಬೇಕು. ಅಳಿಯನ ಗೆಳೆಯನೊಬ್ಬ ಸರಿ ಇದ್ದ ಸರ್ವೆ ನಂಬರ್‌ನಲ್ಲಿ, ಹಟ ಹಿಡಿದು 11ಇ ನಕ್ಷೆ ಮಾಡಿಸಿಯೇ ಕೊಂಡಿದ್ದ. ಹತ್ತಿರದ ರಸ್ತೆ ಅಗಲವಾಯಿತು, ಒಳ್ಳೆ ಲಾಭಕ್ಕೆ ಮಾರಿದ. ಬಳ್ಳಿಗಳು ಅಷ್ಟೊತ್ತಿಗೆ ಒಣಗಿದ್ದವು. ಕೊಂಡವರು ಅವುಗಳ ಕಡೆ ನೋಡಲೂ ಇಲ್ಲವಂತೆ.

ಮೇಷ್ಟ್ರ ದುಡ್ಡು ಎಫ್‌ಡಿಯಲ್ಲೇ ಇದೆ. ಹೊಲದ ಮನೆಯ ಮುಂದೆ ಚಪ್ಪರ ಹಾಕಿ ಬೆಂಗಳೂರು ಬ್ಲೂ ಹನ್ನೆರಡು ಬಳ್ಳಿ ಹಬ್ಬಿಸಿದ್ದಾರೆ. ಹಣ್ಣು ಮೊಮ್ಮಕ್ಕಳಿಗೆ, ಉಳಿದರೆ ಅಮ್ಮನ ಶರಬತ್ತಿಗೆ. ವೈನರಿಗೆ ಈಗಲೂ ವರ್ಷಕ್ಕೊಮ್ಮೆ ಹೋಗುತ್ತಾರೆ, ಟಿಕೆಟ್ ಕೊಂಡು, ಸುತ್ತಾಡಿ, ಒಂದು ಬಾಟಲಿ ತಂದು ಅಡುಗೆಮನೆಯ ಅಟ್ಟದ ಮೇಲೆ ಇಡುತ್ತಾರೆ.

ಕಳೆದ ಸಲ ನಾನು ಹೋದಾಗ ಚಪ್ಪರಕ್ಕೆ ಬೋರ್ಡೋ ಹೊಡೆಯುತ್ತಿದ್ದರು. ಕೈ ನೀಲಿ. ಫೋನ್ ಬಂತು, ನನಗೆ ಸ್ಪೀಕರ್ ಹಾಕು ಅಂದರು. ಅದೇ ಕಂಪನಿಯ ಹುಡುಗ, ಈ ಸಲ ಶ್ರೀಗಂಧ. ಭಾನುವಾರ ಬಸ್ಸಿದೆ, ಊಟ ಫ್ರೀ ಅಂದ. ಮೇಷ್ಟ್ರು ಕೇಳಿಸಿಕೊಂಡು, "ಭಾನುವಾರ ಬೇಡಪ್ಪ. ಮೇ ತಿಂಗಳಾಗೆ ಒಂದು ಬುಧವಾರ ಬರ್ತೀನಿ. ಬೋರ್ ಆನ್ ಮಾಡಿ ತೋರಿಸ್ತೀಯಾ?" ಅಂದರು.

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ "ಸಾರ್, ಸೀನಿಯರ್ ಹತ್ರ ಕೇಳಿ ಹೇಳ್ತೀನಿ" ಅಂದ.